ಮುದ್ದಯ್ಯನವರ ಭಾನುವಾರದ ಕುರ್ಚಿ

ಕಂಡಕ್ಟರ್ ಮುದ್ದಯ್ಯನವರು ವಾರಕ್ಕೆ ಮೂರು ಗಂಟೆ ಕೂರುತ್ತಾರೆ. ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ. ಮಿಕ್ಕ ಹೊತ್ತೆಲ್ಲ ನಿಂತಿರುತ್ತಾರೆ, ಇಲ್ಲವೇ ಮಲಗಿರುತ್ತಾರೆ. ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ ದಿನಕ್ಕೆ ಮೂರು ಸಲ ಹೋಗಿ ಮೂರು ಸಲ ಬರುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಿಗೆಂದೇ ಒಂದು ಸೀಟಿದೆ. ಅದರ ಮೇಲೆ ಹಾಗಂತ ಬರೆದೂ ಇದೆ. ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಆ ಬರಹವನ್ನು ಕಣ್ಣಾರೆ ಕಂಡವರಿಲ್ಲ. ಅದಕ್ಕೆ ಒರಗಿ ಯಾವಾಗಲೂ ಒಬ್ಬ ಅಜ್ಜಿ, ಅಜ್ಜಿಯ ತೊಡೆಯ ಮೇಲೆ ಮೊಮ್ಮಗು, ಮೊಮ್ಮಗುವಿನ ತೊಡೆಯ ಮೇಲೆ ಸೊಪ್ಪಿನ ಚೀಲ. ಎದ್ದೇಳಿ ಅನ್ನುವುದು ಮುದ್ದಯ್ಯನವರ ಬಾಯಲ್ಲಿ ಬರುವ ಮಾತಲ್ಲ. ಇಪ್ಪತ್ತೊಂದು ವರ್ಷದಿಂದ ಒಂದು ಕೈಯಲ್ಲಿ ಟಿಕೆಟ್ ಮಷಿನ್, ಇನ್ನೊಂದು ಕೈಯಲ್ಲಿ ಚಿಲ್ಲರೆ ಹಿಡಿದು, ಕಂಬಿ ಮುಟ್ಟದೆ, ತಿರುವು ಬಂದಾಗ ಪಕ್ಕಕ್ಕೂ ಹಂಪು ಬಂದಾಗ ಮೇಲಕ್ಕೂ ಹೋಗಿಬರುತ್ತ ನಿಂತೇ ಇದ್ದಾರೆ. ಮನೆಯಲ್ಲಿ ಊಟವೂ ನಿಂತೇ. ಮದುವೆಯ ಹೊಸದರಲ್ಲಿ ಹೆಂಡತಿ ರೇಣುಕಾ ಮಣೆ ಹಾಕುತ್ತಿದ್ದರಂತೆ. ಈಗ ತಟ್ಟೆಯನ್ನು ಸೀದಾ ಫ್ರಿಜ್ಜಿನ ನೆತ್ತಿಯ ಮೇಲೆ ಇಡುತ್ತಾರೆ.

ಇಂಥ ಮನುಷ್ಯನಿಗೆ ಆ ಮೂರು ಗಂಟೆ ಎಂಥದ್ದು ಎನ್ನುವುದು, ಕೂತು ಸಂಬಳ ತೆಗೆದುಕೊಳ್ಳುವ ನಮ್ಮಂಥವರಿಗೆ ಅರ್ಥವಾಗುವುದು ಕಷ್ಟ.

ಅವರು ಕೂರುವ ಜಾಗ ಹುಣಸೂರು ಬಸ್ ನಿಲ್ದಾಣದ ಹತ್ತಿರದ ಬೇಕರಿಯ ಮೇಲ್ಮಹಡಿ. ಅಲ್ಲಿ ಸವಿತಾ ಎಂಬ ಹೆಣ್ಣುಮಗಳು ವಿಡಿಯೋ ಗೇಮ್ ಅಂಗಡಿ ನಡೆಸುತ್ತಾಳೆ. ಶುರು ಮಾಡಿದ್ದು ಅವಳ ಅಣ್ಣ. ಅವನಿಗೆ ಜೆಸಿಬಿಯ ಮೇಲೆ ಮನಸ್ಸಾದದ್ದರಿಂದ ಅಂಗಡಿ ತಂಗಿಯ ಕೈಗೆ ಬಂತು. ನಾಲ್ಕು ಸಣ್ಣ ಟೀವಿ, ಗೋಡೆಯಗಲದ ಒಂದು ದೊಡ್ಡ ಟೀವಿ. ದೊಡ್ಡ ಟೀವಿಯ ಮುಂದೆ ಒಂದು ತಿರುಗುವ ಕುರ್ಚಿ. ಅದು ಮುದ್ದಯ್ಯನವರದೇ. ಹೆಗ್ಗಡದೇವನಕೋಟೆಯಲ್ಲಿ ಯಾವುದೋ ಆಫೀಸು ಮುಚ್ಚಿದಾಗ ಹರಾಜಿನಲ್ಲಿ ಹಿಡಿದು, ಬಸ್ಸಿನ ಟಾಪಿಗೆ ಏರಿಸಿ, ತನಗೆ ತಾನೇ ಲಗೇಜ್ ಟಿಕೆಟ್ ಕೊಟ್ಟುಕೊಂಡು ತಂದದ್ದು. ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ 'ಅಧ್ಯಕ್ಷರು' ಎಂದು ಬರೆಸಿದ್ದಾರೆ.

ಯಾವುದರ ಅಧ್ಯಕ್ಷರು ಎಂದರೆ, ಹುಣಸೂರು ತಾಲ್ಲೂಕು ಹೆಬ್ಬೆರಳು ಆಟಗಾರರ ಸಂಘದ್ದು. ಸದಸ್ಯರು ಐದು ಜನ. ಕಾರ್ಯದರ್ಶಿ ವೆಂಕಟೇಶ್, ಮೊಬೈಲ್ ರಿಪೇರಿ ಮಾಡುವ ಇಪ್ಪತ್ತೊಂಬತ್ತರ ತರುಣ. ಸಂಘಕ್ಕೆ ಲೆಟರ್‌ಹೆಡ್ ಇದೆ, ರಬ್ಬರ್ ಸ್ಟಾಂಪಿದೆ, ಸ್ಟಾಂಪಿನಲ್ಲಿ ಎರಡು ಹೆಬ್ಬೆರಳುಗಳು ನಮಸ್ಕಾರ ಮಾಡುತ್ತಿರುವ ಚಿತ್ರವಿದೆ. ಉದ್ದೇಶಗಳು ಹದಿನಾಲ್ಕು. ಅವುಗಳಲ್ಲಿ ಮೊದಲನೆಯದು, ಆಟದ ಘನತೆಯನ್ನು ಕಾಪಾಡುವುದು. ಮಿಕ್ಕ ಹದಿಮೂರೂ ಅದೇ, ಬೇರೆ ಮಾತಿನಲ್ಲಿ.

ಘನತೆಯ ವಿಷಯದಲ್ಲಿ ಮುದ್ದಯ್ಯನವರಿಗೆ ಸಲಿಗೆ ಇಲ್ಲ. ಹೈಸ್ಕೂಲಿನಲ್ಲಿದ್ದಾಗ ಟೀವಿಗೆ ಸಿಕ್ಕಿಸಿ ಆಡುವ ಕ್ಯಾಸೆಟ್ ಆಟಗಳು ಊರಿಗೆ ಬಂದವು. ಅಂದು ಹಿಡಿದ ಗುಂಡಿಗಳನ್ನು ಅವರು ಇಂದಿನವರೆಗೂ ಬಿಟ್ಟಿಲ್ಲ. ಮೂವತ್ತು ವರ್ಷದ ತಪಸ್ಸಿನಿಂದ ಎರಡೂ ಹೆಬ್ಬೆರಳುಗಳ ಗೆರೆ ಸವೆದುಹೋಗಿ, ರೇಷನ್ ಅಂಗಡಿಯ ಯಂತ್ರಕ್ಕೆ ಅವರ ಗುರುತು ಸಿಗುವುದಿಲ್ಲ. ಬೇರೆಯವರಾಗಿದ್ದರೆ ಅರ್ಜಿ ಹಿಡಿದು ಅಲೆಯುತ್ತಿದ್ದರು. ಇವರು ಸನ್ಮಾನವಾದವರಂತೆ ಬೆರಳನ್ನು ಸಾಲಿನಲ್ಲಿದ್ದವರಿಗೆಲ್ಲ ತೋರಿಸಿ ಬಂದರು. ಆಮೇಲೆ ರೇಣುಕಾ ಹೋಗಿ ಬೆರಳಿಟ್ಟು ಅಕ್ಕಿ ತಂದರು.

ಆಟ ಎಂದರೆ ಏನು ಎನ್ನುವುದಕ್ಕೆ ಅವರದೊಂದು ಸಿದ್ಧಾಂತವಿದೆ. ಮೈ ಪೂರ್ತಿ ಸತ್ತಿರಬೇಕು, ಎರಡು ಹೆಬ್ಬೆರಳು ಮಾತ್ರ ಬದುಕಿರಬೇಕು. ಕುರ್ಚಿಯಲ್ಲಿ ಕೂತವನ ಭುಜ ಅಲುಗಿದರೆ ಅವನು ಇನ್ನೂ ಕಲಿಯುತ್ತಿದ್ದಾನೆ ಎಂದರ್ಥ. ಹುಬ್ಬು ಅಲುಗಿದರೆ ಕ್ಷಮಿಸಬಹುದು. ಆ ಭಾನುವಾರಗಳಲ್ಲಿ ಅವರು ಆಡುತ್ತಿದ್ದದ್ದು ನಲವತ್ತು ಮಹಡಿಯ ಕೋಟೆಯೊಂದನ್ನು ಹತ್ತುವ ಆಟ. ಮಹಡಿಗೊಂದು ರಾಕ್ಷಸ. ಹದಿನಾಲ್ಕು ತಿಂಗಳಿಂದ ಮೂವತ್ತೊಂಬತ್ತನೇ ಮಹಡಿಯಲ್ಲಿದ್ದರು. ಸಂಘದ ಮಿಕ್ಕ ನಾಲ್ವರು ಹಿಂದೆ ನಿಂತು, ಗುರುಗಳ ಧ್ಯಾನಕ್ಕೆ ಭಂಗ ಬಾರದಂತೆ ಮೆಲ್ಲಗೆ ಚಿಪ್ಸ್ ಅಗಿಯುತ್ತಿದ್ದರು.

ಇಷ್ಟೆಲ್ಲ ಘನತೆಯಿದ್ದರೂ ಅಂಗಡಿಗೆ ಜನ ಬರುತ್ತಿರಲಿಲ್ಲ. ಹುಡುಗರೆಲ್ಲ ಅವರವರ ಫೋನಿನಲ್ಲೇ ಆಡಿಕೊಂಡು ಬೇಕರಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಹೆಬ್ಬೆರಳು ಸಂಘದ ಐವರಿಂದ ಅಂಗಡಿ ನಡೆಸುವುದು ಆಗದ ಮಾತು ಎಂದು ಸವಿತಾಳಿಗೆ ಗೊತ್ತಿತ್ತು. ಅವಳು ಮೈಸೂರಿಗೆ ಹೋಗಿ, ಯಾರೋ ಉಪಯೋಗಿಸಿ ಬಿಟ್ಟಿದ್ದ ಒಂದು ಆಟದ ಯಂತ್ರ ತಂದಳು. ಅದಕ್ಕೆ ಗುಂಡಿಗಳ ಗೊಡವೆಯೇ ಕಡಿಮೆ. ಕೈಯಲ್ಲಿ ಹಿಡಿದು ಬೀಸುವ ಒಂದು ಕೋಲು. ಬೀಸಿದರೆ ಟೀವಿಯೊಳಗೂ ಬ್ಯಾಟು ಬೀಸುತ್ತದೆ. ಮತ್ತೆ ನೆಲದ ಮೇಲಿಡುವ ಒಂದು ಬಿಳಿ ಹಲಗೆ. ಅದರ ಮೇಲೆ ನಿಂತು ಎಡಕ್ಕೆ ವಾಲಿದರೆ ಟೀವಿಯೊಳಗಿನ ತೆಪ್ಪ ಎಡಕ್ಕೆ ಹೋಗುತ್ತದೆ, ಬಲಕ್ಕೆ ವಾಲಿದರೆ ಬಲಕ್ಕೆ.

ಬಸ್ಸಿಗೆ ಕಾಯುತ್ತಿದ್ದ ಹೆಂಗಸರನ್ನು ಸವಿತಾ ಒಂದು ಭಾನುವಾರ ಬೆಳಿಗ್ಗೆ ಮೇಲಕ್ಕೆ ಕರೆದಳು. ಅವರ ಮುಂದಾಳು ಚೆಲುವಮ್ಮ. ಅರವತ್ತೆರಡು ವಯಸ್ಸು, ಹೆಗ್ಗಡದೇವನಕೋಟೆ ರಸ್ತೆಯ ಹಳ್ಳಿಯವರು, ವಾರವೆಲ್ಲ ಹುಣಸೂರಿನಲ್ಲಿ ಹೊಗೆಸೊಪ್ಪು ವಿಂಗಡಿಸುವ ಕೆಲಸ. ಮುದ್ದಯ್ಯನವರ ಬಸ್ಸಿನಲ್ಲೇ ದಿನಾ ಬಂದುಹೋಗುವವರು. ಟಿಕೆಟ್ ಇಲ್ಲವಾದ ಮೇಲೆ ಭಾನುವಾರವೂ ಪೇಟೆಗೆ ಬಾರದಿರಲು ಅವರಿಗೆ ಕಾರಣ ಸಿಕ್ಕಿರಲಿಲ್ಲ. ಚೆಲುವಮ್ಮ ಚಪ್ಪಲಿ ಬಿಟ್ಟು, ಟೀವಿಗೆ ಸೇರಿದ ಸಾಮಾನಿನ ಮೇಲೆ ಕಾಲಿಡಬೇಕಲ್ಲ ಎಂದು ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಹತ್ತಿದ ಕೂಡಲೇ ಹಲಗೆ ಅವರ ತೂಕವನ್ನು ಗೋಡೆಯಗಲದ ಅಂಕಿಗಳಲ್ಲಿ ಊರಿಗೆಲ್ಲ ಕಾಣುವಂತೆ ತೋರಿಸಿತು. ಹಿಂದಿದ್ದ ಹೆಂಗಸರು ನಗುತ್ತ ನೆಲಕ್ಕೆ ಕೂತರು. ಅಂದಿನಿಂದ ಒಬ್ಬರು ಹತ್ತುವಾಗ ಇನ್ನೊಬ್ಬರು ಟೀವಿಗೆ ಟವೆಲ್ ಅಡ್ಡ ಹಿಡಿಯುವ ಪದ್ಧತಿ ಬಂತು.

ಆಟ ಕಲಿಯಲು ಚೆಲುವಮ್ಮನಿಗೆ ಹಿಡಿದದ್ದು ಒಂದು ಕಾಫಿಯ ಹೊತ್ತು. ತೆಪ್ಪವನ್ನು ಬಂಡೆಗಳ ನಡುವೆ ನುಸುಳಿಸಿಕೊಂಡು, ಪಾಯಿಂಟು ಕೂಡಿಸಿಕೊಂಡು, ಕೊನೆಯಲ್ಲಿ ದಡ ಮುಟ್ಟಿಸಬೇಕು. ನಿಯಮ ಒಂದೇ. ತೆಪ್ಪ ದಡಕ್ಕೆ ತಾಗಿ ಪೂರ್ತಿ ನಿಲ್ಲುವವರೆಗೂ ಹಲಗೆಯಿಂದ ಇಳಿಯುವಂತಿಲ್ಲ. ಮೊದಲೇ ಇಳಿದರೆ ತೆಪ್ಪ ಮಗುಚಿ ಪಾಯಿಂಟೆಲ್ಲ ನೀರುಪಾಲು. ಎರಡು ವಾರದಲ್ಲಿ ಹನ್ನೊಂದು ಹೆಂಗಸರು ಸೇರಿದರು. ಅವರ ನಗು ಬೇಕರಿಗೆ ಕೇಳಿ, ಪಫ್ಸ್ ತಿನ್ನಲು ಬಂದವರೂ ಮೆಟ್ಟಿಲು ಹತ್ತತೊಡಗಿದರು.

ಹೆಬ್ಬೆರಳು ಸಂಘ ತುರ್ತು ಸಭೆ ಕರೆಯಿತು. ಕಲಿಯದೆ ಬರುವ ಆಟ ಆಟವೇ ಅಲ್ಲ ಎಂದು ಠರಾವಾಯಿತು. ವೆಂಕಟೇಶ್ ಇನ್ನೂ ಮುಂದೆ ಹೋಗಿ, ಕೈಕಾಲು ಆಡಿಸುವುದೇ ಆಟವಾದರೆ ಹೊಲದಲ್ಲಿ ಕಳೆ ಕೀಳುವವರೆಲ್ಲ ಚಾಂಪಿಯನ್ನರೇ ಎಂದು ಭಾಷಣ ಮಾಡಿದರು. ಇಂಥ ಯಂತ್ರಗಳು ಎಲ್ಲರಿಗಾಗಿ ಮಾಡಿದವು. ಎಲ್ಲರಿಗಾಗಿ ಮಾಡಿದ್ದರಲ್ಲಿ ನಮಗೇನು ಮರ್ಯಾದೆ ಎನ್ನುವುದು ಭಾಷಣದ ಸಾರ. ಪ್ರತಿಭಟನೆಯಾಗಿ ಒಂದು ವಾರ ಹೆಬ್ಬೆರಳಿಗೆ ಕಪ್ಪು ಬಟ್ಟೆ ಕಟ್ಟಿಕೊಳ್ಳುವುದೆಂದು ತೀರ್ಮಾನಿಸಿದರು. ಕಪ್ಪು ಬಟ್ಟೆ ಕಟ್ಟಿಕೊಂಡು ಗುಂಡಿ ಒತ್ತಲಾಗದೆ, ಆ ವಾರ ಅಧ್ಯಕ್ಷರ ವೀರ ಮೂವತ್ತೊಂಬತ್ತನೇ ಮಹಡಿಯಿಂದ ಮೂವತ್ತಾರಕ್ಕೆ ಬಿದ್ದ.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಂತು. ಹೆಂಗಸರಿಗೆಲ್ಲ ಒಟ್ಟಿಗೆ ಬಿಡುವಿದ್ದದ್ದು ಭಾನುವಾರ ಮಧ್ಯಾಹ್ನ. ಹಲಗೆ ಹಾಕಲು ಜಾಗವಿದ್ದದ್ದು ದೊಡ್ಡ ಟೀವಿಯ ಮುಂದೆ. ಆ ಜಾಗದಲ್ಲಿ ಇದ್ದದ್ದು ಕುರ್ಚಿ. ಸವಿತಾ ಎಷ್ಟು ಮೆತ್ತಗೆ ಹೇಳಬೇಕೋ ಅಷ್ಟು ಮೆತ್ತಗೆ ಹೇಳಿದಳು. ಕಿಟಕಿಯ ಪಕ್ಕದ ಸಣ್ಣ ಟೀವಿಯನ್ನು ಸಂಘಕ್ಕೆ ಕೊಡುತ್ತೇನೆ, ಅದರ ನಡುವೆ ಒಂದು ಹಸಿರು ಗೆರೆ ಬಿಟ್ಟರೆ ಬೇರೇನೂ ತೊಂದರೆಯಿಲ್ಲ ಎಂದಳು.

ಮುದ್ದಯ್ಯನವರು ಕುರ್ಚಿಯಿಂದ ಎದ್ದರು. ಆ ಕುರ್ಚಿಯಲ್ಲಿ ಕೂತಿದ್ದಾಗ ಅವರು ಮಧ್ಯದಲ್ಲಿ ಎದ್ದದ್ದು ಅದೇ ಮೊದಲು.

"ನೋಡಮ್ಮ ಸವಿತಾ," ಅಂದರು, "ವಾರವೆಲ್ಲಾ ನಿಂತು ನಿಂತು ನನ್ನ ಕಾಲು ಕಾಲಾಗಿಲ್ಲ, ಕಂಬ ಆಗವೆ. ಇಲ್ಲೊಂದು ಮೂರು ಗಂಟೆ ಕುಂತ್ಕತೀನಿ. ಅದನ್ನೂ ನಿಂತ್ಕೊಂಡು ಆಡು ಅಂತೀಯಲ್ಲ, ನ್ಯಾಯವಾ?"

ಈ ಮಾತಿನಲ್ಲಿ ಸಿದ್ಧಾಂತದ ಸುಳಿವೇ ಇರಲಿಲ್ಲ ಎಂಬುದನ್ನು ಕಾರ್ಯದರ್ಶಿಗಳು ಗಮನಿಸಿ ಸ್ವಲ್ಪ ಕಸಿವಿಸಿಗೊಂಡರು. ಆಗ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ಚೆಲುವಮ್ಮ ಒಂದು ದಾರಿ ಹೇಳಿದರು. ಇದು ಯಾರು ಬೇಕಾದರೂ ಕಲಿಯದೆ ಆಡುವ ಆಟ ಎಂದು ಕಂಡಕ್ಟರು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಸರಿ, ಆಡಿ ತೋರಿಸಲಿ. ತನ್ನ ಆರುನೂರ ನಲವತ್ತು ಪಾಯಿಂಟನ್ನು ದಾಟಿದರೆ ಭಾನುವಾರವೂ ಟೀವಿಯೂ ಕುರ್ಚಿಯೂ ಅವರದೇ, ಹೆಂಗಸರು ಆ ಹೊತ್ತಿಗೆ ಮೆಟ್ಟಿಲು ಹತ್ತುವುದಿಲ್ಲ. ದಾಟದಿದ್ದರೆ ಕುರ್ಚಿ ಗೋಡೆಗೆ.

ಸಂಘದವರು ಇದಕ್ಕೆ ಒಪ್ಪಬಾರದೆಂದು ಕಣ್ಣಲ್ಲೇ ಹೇಳಿದರು. ಆದರೆ ಅಧ್ಯಕ್ಷ ಎಂದು ಬೆನ್ನಿಗೆ ಬರೆಸಿಕೊಂಡ ಮೇಲೆ ಹಿಂದೆ ಸರಿಯುವುದು ಹೇಗೆ. ಮುದ್ದಯ್ಯನವರು ಚಪ್ಪಲಿ ಬಿಟ್ಟು, ಕೊಳಕು ನೀರಿಗೆ ಇಳಿಯುವವರಂತೆ ಪ್ಯಾಂಟು ಎತ್ತಿಕೊಂಡು ಹಲಗೆ ಹತ್ತಿದರು. ಟವೆಲ್ ಹಿಡಿಯಲು ಯಾರಿಗೂ ನೆನಪಾಗಲಿಲ್ಲ. ಎಂಬತ್ತಾರು ಕಿಲೋ ಎಂದು ಗೋಡೆ ಸಾರಿತು. ಜೇಬಿನಲ್ಲಿ ಬೀಗದ ಕೈ ಗೊಂಚಲಿದೆ ಎಂದು ಅವರು ಸ್ಪಷ್ಟನೆ ಕೊಟ್ಟರು.

ತೆಪ್ಪ ಹೊರಟಿತು.

ಮೊದಲನೆಯ ಬಂಡೆ ಎಡದಿಂದ ಬಂತು. ಮುದ್ದಯ್ಯನವರು ಏನೂ ಮಾಡಲಿಲ್ಲ ಎಂದೇ ಅವರು ಇಂದಿಗೂ ಹೇಳುವುದು. ಮಾಡಿದ್ದು ಅವರ ಸೊಂಟ. ತಿರುವಿನಲ್ಲಿ ಬಸ್ಸು ಒಲೆದಾಗ ಇಪ್ಪತ್ತೊಂದು ವರ್ಷದಿಂದ ತಾನಾಗಿ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ತೆಪ್ಪ ಬಂಡೆಯನ್ನು ಕೂದಲೆಳೆಯಲ್ಲಿ ಸವರಿಕೊಂಡು ಮುಂದೆ ಹೋಯಿತು. ಎರಡನೆಯದು, ಮೂರನೆಯದು, ಸುಳಿ, ಅಡ್ಡ ಬಿದ್ದ ಮರ. ಹೆಂಗಸರಿಗೆ ಕಷ್ಟವಾಗುತ್ತಿದ್ದದ್ದು ಎರಡು ಬಂಡೆಗಳ ನಡುವಿನ ಇಕ್ಕಟ್ಟು. ಅಲ್ಲಿ ಮುದ್ದಯ್ಯನವರು ಹೊಟ್ಟೆ ಒಳಗೆಳೆದು, ಅಡ್ಡಡ್ಡ ತಿರುಗಿ, ಸಂತೆಯ ದಿನದ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಟಿಕೆಟ್ ಕೊಡಲು ಹೋಗುವವರಂತೆ ನುಸುಳಿಬಿಟ್ಟರು. ನದಿಯಲ್ಲಿ ಬಾತುಕೋಳಿಗಳ ಹಿಂಡೊಂದು ಅಡ್ಡ ಬಂದಾಗ, ಒಳಕ್ಕೆ ಸರ್ಕೊಳ್ರಿ ಎಂದು ಅವರ ಬಾಯಿಂದ ಬಂದದ್ದನ್ನು ಎಲ್ಲರೂ ಕೇಳಿದರು. ಬಾತುಕೋಳಿಗಳು ಸರಿದವು.

ಸಂಘದ ನಾಲ್ವರ ಸ್ಥಿತಿ ಹೇಳತೀರದು. ಚಪ್ಪಾಳೆ ತಟ್ಟಿದರೆ ಹಲಗೆಯಾಟವನ್ನು ಒಪ್ಪಿದಂತೆ, ತಟ್ಟದಿದ್ದರೆ ಅಧ್ಯಕ್ಷರಿಗೆ ದ್ರೋಹ. ವೆಂಕಟೇಶ್ ಎರಡು ಹೆಬ್ಬೆರಳುಗಳನ್ನು ಒಂದಕ್ಕೊಂದು ತಟ್ಟಿ ಸದ್ದಿಲ್ಲದೆ ಪ್ರೋತ್ಸಾಹಿಸಿದರು. ಚೆಲುವಮ್ಮನ ಆರುನೂರ ನಲವತ್ತು ದಾಟಿತು. ಏಳುನೂರು, ಎಂಟುನೂರು. ಹೆಂಗಸರೇ ಕುಣಿಯತೊಡಗಿದರು. ಅವರು ಯಾರ ಪಕ್ಷ ಎಂಬುದು ಅವರಿಗೇ ಮರೆತುಹೋಗಿತ್ತು. ದೂರದಲ್ಲಿ ದಡ ಕಂಡಿತು. ತೆಪ್ಪದ ವೇಗ ಇಳಿಯಿತು. ಇನ್ನೇನು ಒಂದು ಮಾರು.

ಬಸ್ಸು ನಿಲ್ದಾಣಕ್ಕೆ ಬಂದು ವೇಗ ಇಳಿದಾಗ ಪೂರ್ತಿ ನಿಲ್ಲುವವರೆಗೆ ಮೇಲೇ ನಿಂತಿರುವ ಕಂಡಕ್ಟರನ್ನು ನಾನಂತೂ ಕಂಡಿಲ್ಲ. ಮುದ್ದಯ್ಯನವರ ಎಡಗಾಲು ಹಿಂದಕ್ಕೆ ಹೋಯಿತು. "ಹೋಲ್ಡಾನ್," ಎನ್ನುತ್ತ ಅವರು ಹಗುರವಾಗಿ ನೆಲಕ್ಕಿಳಿದು, ಇಳಿಯುವವರಿಗೆ ಜಾಗ ಬಿಟ್ಟು ಪಕ್ಕಕ್ಕೆ ನಿಂತರು.

ಗೋಡೆಯಗಲದ ತೆಪ್ಪ ಮಗುಚಿತು. ಸೊನ್ನೆ.

ಮುದ್ದಯ್ಯನವರು ಟೀವಿಯನ್ನೂ ತಮ್ಮ ಕಾಲನ್ನೂ ನೋಡುತ್ತ ನಿಂತಿದ್ದರು. ಕೊನೆಗೆ ಚೆಲುವಮ್ಮ ಸೆರಗಿನಲ್ಲಿ ಬಾಯಿ ಒತ್ತಿಕೊಂಡೇ ಕೇಳಿದರು.

"ಅಲ್ಲಾ ಕಂಡಕ್ಟ್ರಪ್ಪ, ನಿಲ್ಲೋಗಂಟ ಇಳೀಬ್ಯಾಡಿ, ಇಳೀಬ್ಯಾಡಿ ಅಂತ ದಿನಾ ನಮ್ಗೆ ಬಯ್ಯೋರು ಯಾರು?"

ಕುರ್ಚಿ ಗೋಡೆಗೆ ಹೋಯಿತು. 'ಅಧ್ಯಕ್ಷರು' ಎನ್ನುವ ಬರಹ ಗೋಡೆಯ ಕಡೆಗೆ ಬಂದದ್ದರಿಂದ ಅದು ಯಾರ ಕುರ್ಚಿಯೆಂದು ಹೊಸಬರಿಗೆ ತಿಳಿಯುವಂತಿರಲಿಲ್ಲ. ಸಂಘದವರು ಹಸಿರು ಗೆರೆಯ ಟೀವಿಯ ಮುಂದೆ ಪ್ಲಾಸ್ಟಿಕ್ ಸ್ಟೂಲುಗಳಲ್ಲಿ ಕೂತರು. ಅಧ್ಯಕ್ಷರು ಮಾತ್ರ ಕೂರಲಿಲ್ಲ. ಸೋಲನ್ನು ಒಪ್ಪಿಕೊಂಡರೆ ತಾನೇ ಕೂರುವುದು?

ಮರುದಿನವೇ ಲೆಟರ್‌ಹೆಡ್ಡಿನಲ್ಲಿ ಮೇಲ್ಮನವಿ ಬಂತು. ಸದರಿ ಆಟದಲ್ಲಿ ಅಧ್ಯಕ್ಷರು ಅಂಕಗಳಲ್ಲಿ ಮುಂದಿದ್ದು, ವೃತ್ತಿಯ ಅಭ್ಯಾಸಬಲದಿಂದ ಮಾತ್ರ ಕೆಳಗಿಳಿದಿದ್ದು, ನ್ಯಾಯದ ಹಿತದೃಷ್ಟಿಯಿಂದ ಮತ್ತೊಂದು ಅವಕಾಶ ಕೊಡತಕ್ಕದ್ದು ಎಂದು ಅದರಲ್ಲಿತ್ತು. ಕೆಳಗೆ ಎರಡು ಹೆಬ್ಬೆರಳುಗಳು ನಮಸ್ಕಾರ ಮಾಡುತ್ತಿದ್ದವು. ಸವಿತಾ ಅದನ್ನು ಚೆಲುವಮ್ಮನಿಗೆ ಓದಿ ಹೇಳಿದಳು. ಪಾಪ, ಆಡಲಿ ಬುಡು ಎಂದರು ಅವರು.

ಎರಡನೇ ಭಾನುವಾರ ಮುದ್ದಯ್ಯನವರು ಒಂಬೈನೂರರ ಹತ್ತಿರ ಹೋದರು. ದಡ ಬಂತು. ಇಳಿದರು. ಮೂರನೇ ಭಾನುವಾರ ಇಳಿಯಲೇಬಾರದೆಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಹೋಗಿ, ದಡ ಬಂದಾಗ ಹೇಳಿಕೊಳ್ಳುತ್ತಲೇ ಇಳಿದರು. ಪ್ರತಿ ಸಲವೂ ಸೋಮವಾರ ಮನವಿ, ಭಾನುವಾರ ವಿಚಾರಣೆ. ಹಲಗೆ ಒಂದೇ ಇದ್ದದ್ದರಿಂದ ತಮ್ಮ ಸರದಿ ಬರುವವರೆಗೆ ಹೆಂಗಸರ ಜೊತೆ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು. ಸುಮ್ಮನೆ ನಿಂತರೆ ಘನತೆಗೆ ಕಡಿಮೆ ಎಂದು, ಹಲಗೆಯ ಮೇಲಿದ್ದವರಿಗೆ ಎದುರು ಪಕ್ಷದ ದೋಷ ತೋರಿಸುವ ನೆಪದಲ್ಲಿ, ಮಂಡಿ ಸ್ವಲ್ಪ ಸಡಿಲ ಬಿಡಬೇಕು, ಕಣ್ಣು ಕಾಲಿನ ಮೇಲಲ್ಲ ದಾರಿಯ ಮೇಲಿರಬೇಕು ಎಂದೆಲ್ಲ ಹೇಳತೊಡಗಿದರು. ಹೆಂಗಸರ ಪಾಯಿಂಟು ಏರಿತು. ಏರಿದಷ್ಟೂ ಮುದ್ದಯ್ಯನವರು ಮತ್ತೆ ಅದನ್ನು ದಾಟಬೇಕಾಗಿತ್ತು. ಹೀಗೆ ಎದುರಾಳಿಗಳನ್ನು ತಾವೇ ಬೆಳೆಸಿ, ಬೆಳೆದದ್ದಕ್ಕೆ ತಾವೇ ದಿಗಿಲುಬಿದ್ದು, ಮುಂದಿನ ವಾರಕ್ಕೆ ಇನ್ನಷ್ಟು ಸಿದ್ಧರಾಗಿ ಬರುತ್ತಿದ್ದರು.

ಸಿದ್ಧತೆ ಬಸ್ಸಿನಲ್ಲೇ ನಡೆಯುತ್ತಿತ್ತು. ಡ್ರೈವರ್ ಕುಳ್ಳಯ್ಯನವರಿಗೆ, ತಿರುವುಗಳಲ್ಲಿ ಅಷ್ಟೊಂದು ನಿಧಾನ ಮಾಡುವ ಅಗತ್ಯವಿಲ್ಲ ಎಂದು ಸಲಹೆ ಹೋಯಿತು. ಬಿಡುವಿದ್ದಾಗ ಮುದ್ದಯ್ಯನವರು ಒಂಟಿಕಾಲಲ್ಲಿ ನಿಂತು ಟಿಕೆಟ್ ಕೊಟ್ಟರು. ಕ್ಯಾನ್ವಾಸ್ ಬೂಟು ಕೊಂಡರು; ಯಾಕೆ ಎಂದರೆ ಹೋರಾಟಕ್ಕೆ ಎಂದರು. ಹಲ್ಲುಜ್ಜುವಾಗ ಹಾಡು ಗುನುಗುವುದನ್ನು ರೇಣುಕಾ ಕೇಳಿಸಿಕೊಂಡರು. ಬೆಲ್ಟು ಒಂದು ತೂತು ಬಿಗಿಯಾದದ್ದನ್ನೂ ಕಂಡರು. ಅನ್ಯಾಯ ನಿಮಗೆ ಒಗ್ಗಿದ ಹಾಗೆ ಕಾಣುತ್ತೆ ಎಂದು ಫ್ರಿಜ್ಜಿನ ಮೇಲೆ ತಟ್ಟೆ ಇಟ್ಟರು.

ಒಗ್ಗದವರು ಸಂಘದವರು. ಹಸಿರು ಗೆರೆಯ ಹಿಂದೆ ಬಚ್ಚಿಟ್ಟುಕೊಳ್ಳುವ ರಾಕ್ಷಸರಿಂದ ಅವರು ಸಾಕುಸಾಕಾಗಿದ್ದರು. ಆರನೇ ಸೋಲಿನ ಮೇಲೆ ವೆಂಕಟೇಶ್ ಮೆಟ್ಟಿಲ ಬಳಿ ಅಧ್ಯಕ್ಷರನ್ನು ಹಿಡಿದರು. ಬೇರೇನೂ ಬೇಡ, ದಡ ಬರುವ ಹೊತ್ತಿಗೆ ಎರಡು ಕಾಲನ್ನೂ ಒಂದು ಹಗ್ಗದಲ್ಲಿ ಕಟ್ಟಿಬಿಡೋಣ ಎಂದರು. ಅಧ್ಯಕ್ಷರು ಬಹಳ ಹೊತ್ತು ಯೋಚಿಸಿದವರಂತೆ ಮಾಡಿ, ಅದು ಸಂಘದ ಘನತೆಗೆ ತಕ್ಕದ್ದಲ್ಲ ಎಂದರು. ಹೋರಾಟ ಶುದ್ಧವಾಗಿರಬೇಕಂತೆ. ಯಾವಾಗ ಮುಗಿಯುತ್ತದೆ ಎಂಬ ಪ್ರಶ್ನೆಗೆ, ದೊಡ್ಡ ಹೋರಾಟಗಳಿಗೆ ದಿನ ಗೊತ್ತು ಮಾಡುವುದಕ್ಕಾಗುವುದಿಲ್ಲ ಎಂದು ಮೆಟ್ಟಿಲಿಳಿದು ಹೋದರು, ಎರಡೆರಡು ಮೆಟ್ಟಿಲಿಗೊಂದು ಹೆಜ್ಜೆ.

ಏಳನೇ ಭಾನುವಾರ ಎಲ್ಲವೂ ಕೈಮೀರಿತು.

ಚೆಲುವಮ್ಮ ಆ ಹೊತ್ತಿಗೆ ಸಾವಿರದ ಐವತ್ತರಲ್ಲಿದ್ದರು. ಮುದ್ದಯ್ಯನವರು ಹಲಗೆ ಹತ್ತಿ ಸಾವಿರದ ಇನ್ನೂರು ಮುಟ್ಟಿದರು. ಕೋಣೆಯ ತುಂಬ ಜನ. ಬೇಕರಿಯವನೂ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದ. ದಡ ಹತ್ತಿರವಾಯಿತು, ತೆಪ್ಪ ನಿಧಾನವಾಯಿತು, ಎಡಗಾಲು ಹಿಂದಕ್ಕೆ ಹೊರಟಿತು. ಅಷ್ಟರಲ್ಲಿ ಹಿಂದೆ ನಿಂತಿದ್ದ ಚೆಲುವಮ್ಮ ಎರಡೂ ಕೈಯಲ್ಲಿ ಅವರ ಅಂಗಿಯ ಬೆನ್ನು ಹಿಡಿದು ಜಗ್ಗಿ ನಿಲ್ಲಿಸಿದರು.

"ಇರಪ್ಪ, ಇನ್ನೂ ನಿಂತಿಲ್ಲ ಅದು."

ಎಡಗಾಲು ಗಾಳಿಯಲ್ಲಿ ಉಳಿಯಿತು. ತೆಪ್ಪ ದಡಕ್ಕೆ ತಾಗಿತು. ನಿಂತಿತು. ಟೀವಿಯೊಳಗೆ ಬಾಣಬಿರುಸು ಹಾರಿತು, ಡೋಲು ಬಡಿಯಿತು, ಸಾವಿರದ ಇನ್ನೂರು ಎಂದು ಬಣ್ಣಬಣ್ಣದಲ್ಲಿ ಮಿನುಗಿತು. ಏಳು ವಾರದಿಂದ ಆ ಬಾಣಬಿರುಸನ್ನು ಅವರು ತಮ್ಮ ಆಟದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಕಾಲು ಎತ್ತಿಕೊಂಡೇ ನೋಡಿದರು.

ಸಂಘದವರು ಕೂಗಿದ ಕೂಗಿಗೆ ಕೆಳಗೆ ನಿಲ್ದಾಣದಲ್ಲಿ ಪಿರಿಯಾಪಟ್ಟಣದ ಬಸ್ಸಿನವನು ಹಾರನ್ ಮಾಡಿದ. ಹೆಂಗಸರು ಚೆಲುವಮ್ಮನ ಕಡೆ ತಿರುಗಿದರು. ಆಗಲೇ ಚೆಲುವಮ್ಮನಿಗೂ ತಾನು ಏನು ಮಾಡಿದೆ ಎಂಬುದು ಹೊಳೆದದ್ದು. ಕೈಯಲ್ಲಿದ್ದ ಅಂಗಿಯನ್ನು ಬಿಟ್ಟರು.

"ಎಷ್ಟು ವಾರ ಅಂತ ಕಣ್ಮುಂದೇನೇ ಮುಳುಗೋದ್ನ ನೋಡ್ಲವ್ವ," ಅಂದರು ಯಾರಿಗೋ ಹೇಳುವಂತೆ. "ಕೈ ತಡೀನಿಲ್ಲ."

ಮಾತು ಮಾತೇ. ಹೆಂಗಸರು ಚಪ್ಪಲಿ ಹುಡುಕಿಕೊಂಡರು, ಚೀಲಗಳನ್ನು ಎತ್ತಿಕೊಂಡರು. ಟವೆಲನ್ನು ಮಡಿಸಿ ಸವಿತಾಳ ಕೈಗೆ ಕೊಟ್ಟರು. ಹನ್ನೊಂದು ಜೊತೆ ಚಪ್ಪಲಿಗಳು ಮೆಟ್ಟಿಲಿಳಿಯುವ ಸದ್ದು ಒಂದೊಂದಾಗಿ ಕೆಳಗೆ ಹೋಯಿತು. ವೆಂಕಟೇಶ್ ಹಲಗೆಯನ್ನು ಎತ್ತಿ ಮೂಲೆಗೆ ಒರಗಿಸಿ, ಕುರ್ಚಿಯನ್ನು ಗೋಡೆಯಿಂದ ತಂದು, ಧೂಳು ಒರೆಸಿ, ಅಧ್ಯಕ್ಷರ ಹಿಂದೆ ಹಿಡಿದರು. ಅಧ್ಯಕ್ಷರು ಕೂತರು. ನಾಲ್ವರು ಹಿಂದೆ ನಿಂತರು. ಚಿಪ್ಸ್ ಪೊಟ್ಟಣ ಮೆಲ್ಲಗೆ ಒಡೆಯಿತು. ಮೂವತ್ತಾರನೇ ಮಹಡಿಯಲ್ಲಿ ವೀರ ಕತ್ತಿ ಹಿಡಿದು ಕಾಯುತ್ತಿದ್ದ.

ಹನ್ನೊಂದು ನಿಮಿಷ ಎಂದು ಸವಿತಾ ಹೇಳುತ್ತಾಳೆ, ಅವಳು ಗಡಿಯಾರ ನೋಡಿದ್ದಳಂತೆ. ಹೆಬ್ಬೆರಳುಗಳು ತಮ್ಮ ಕೆಲಸ ಮಾಡುತ್ತಿದ್ದವು, ಆದರೆ ಕೆಳಗೆ ಹಿಮ್ಮಡಿ ಕುಟ್ಟುತ್ತಿತ್ತು. ವೀರ ಎಡಕ್ಕೆ ಹಾರಿದಾಗ ಅಧ್ಯಕ್ಷರ ಸೊಂಟವೂ ಎಡಕ್ಕೆ ಹೋಯಿತು; ಕುರ್ಚಿ ತಿರುಗುವ ಜಾತಿಯದಾದ್ದರಿಂದ ಅವರು ಸಂಘದವರ ಕಡೆಗೇ ತಿರುಗಿಬಿಟ್ಟರು. ನಾಲ್ವರೂ ಛಾವಣಿ ನೋಡಿದರು. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ತಿರುಗಿದವರು ಮತ್ತೆ ಟೀವಿಯ ಕಡೆ ತಿರುಗಲಿಲ್ಲ. ವೆಂಕಟೇಶರ ಬ್ಯಾಗಿನಿಂದ ಲೆಟರ್‌ಹೆಡ್ ಕೇಳಿ ಪಡೆದು, ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದರು.

ಬರೆದದ್ದನ್ನು ವೆಂಕಟೇಶ್ ಭುಜದ ಮೇಲಿಂದ ಓದಿದರು. ಇಂದಿನ ಆಟದಲ್ಲಿ ಎದುರು ಪಕ್ಷದವರು ಅಧ್ಯಕ್ಷರ ಅಂಗಿಯನ್ನು ಹಿಡಿದು ಹೊರಗಿನ ನೆರವು ನೀಡಿದ್ದು, ಅಂಥ ನೆರವಿನಿಂದ ಬಂದ ಗೆಲುವು ಸಂಘದ ಘನತೆಗೆ ಕುಂದು ತರುವಂಥದ್ದಾಗಿದ್ದು, ಸದರಿ ಫಲಿತಾಂಶವನ್ನು ರದ್ದುಪಡಿಸಿ ಮರುಪಂದ್ಯ ನಡೆಸತಕ್ಕದ್ದು.

"ಅಣ್ಣ, ಗೆದ್ದೋರು ನಾವು," ಎಂದರು ವೆಂಕಟೇಶ್. ಅವರಿಗೆ ಅಧ್ಯಕ್ಷರೇ ಎನ್ನುವುದೂ ಮರೆತಿತ್ತು. "ಗೆದ್ದೋರು ಎಲ್ಲಾರಾ ಅಪೀಲು ಹಾಕ್ತಾರಾ?"

"ನ್ಯಾಯ ಅಂದ್ಮೇಲೆ ಗೆದ್ದೋರ್ಗೂ ಒಂದೇ ಕಣಯ್ಯ," ಎಂದರು ಮುದ್ದಯ್ಯನವರು, ಸ್ಟಾಂಪಿನ ಮೇಲೆ ಉಫ್ ಎಂದು ಉಸಿರು ಬಿಡುತ್ತ. "ಸ್ಟಾಂಪಿಂಕು ಒಣಗೈತೆ. ನೋಡ್ಕಬಾರ್ದಾ ಇದನ್ನೆಲ್ಲಾ?"

ಸವಿತಾ ಮನವಿಯನ್ನು ನಿಂತಲ್ಲೇ ಎರಡು ಸಲ ಓದಿದಳು. ಒಂದು ಸಲಕ್ಕೆ ಅರ್ಥವಾಗಿತ್ತು. ಎರಡನೆಯದು ಮುಖ ಗಂಭೀರ ಮಾಡಿಕೊಳ್ಳುವುದಕ್ಕೆ. ವಿಚಾರಣೆ ಎಂದಿನಂತೆ ಮುಂದಿನ ಭಾನುವಾರವೇ ಎಂದು ಕೇಳಿದಳು. ಅಷ್ಟು ದಿನ ಅನ್ಯಾಯವನ್ನು ತಲೆಯ ಮೇಲೆ ಹೊತ್ತುಕೊಂಡು ತಾನು ಬಸ್ಸಿನಲ್ಲಿ ನಿಲ್ಲಲಾರೆ, ಇನ್ನೂ ನಾಲ್ಕೂವರೆ ತಾನೇ ಎಂದರು ಅವರು.

ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ಹೆಂಗಸರು ದೂರವೇನೂ ಹೋಗಿರಲಿಲ್ಲ. ಬೇಕರಿಯ ಕಟ್ಟೆಯ ಮೇಲೆ, ಫೋನು ಹಿಡಿದ ಹುಡುಗರನ್ನು ಆ ಕಡೆ ಈ ಕಡೆ ಒತ್ತರಿಸಿ ಕೂತು ಪಫ್ಸ್ ತಿನ್ನುತ್ತಿದ್ದರು. ಸವಿತಾ ಕೂಗಿ ಹೇಳಿದಳು. ಚೆಲುವಮ್ಮ ತಲೆ ಎತ್ತಿ, ಕಿವಿಯ ಹಿಂದೆ ಕೈಯಿಟ್ಟು, ಇನ್ನೊಂದು ಸಲ ಹೇಳಿಸಿಕೊಂಡರು.

ಅವರು ಅರ್ಧ ಪಫ್ಸನ್ನು ಕೈಯಲ್ಲೇ ಹಿಡಿದು ಮೇಲೆ ಬರುವ ಹೊತ್ತಿಗೆ ಹಲಗೆ ನೆಲದ ಮೇಲಿತ್ತು, ಕುರ್ಚಿ ಗೋಡೆಯ ಪಕ್ಕದಲ್ಲಿತ್ತು, ಮುದ್ದಯ್ಯನವರು ಬೂಟಿನ ದಾರ ಬಿಗಿಯುತ್ತಿದ್ದರು. ಚೆಲುವಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲ ಅರ್ಥವಾದವರು ಏನೂ ಅರ್ಥವಾಗದವರಂತೆ ಮುಖ ಮಾಡಿದರೆ ಹೇಗಿರುತ್ತದೋ ಹಾಗಿತ್ತು ಅವರ ಮುಖ.

"ಈ ಸಲ ಅಂಗಿ ಇಡ್ಕಳದಿಲ್ಲ ಕಣಪ್ಪ, ಆಣೆಗೂ," ಎಂದರು.

ಮುದ್ದಯ್ಯನವರು, ಹಾಗೆ ಲಿಖಿತದಲ್ಲಿ ಕೊಟ್ಟರೆ ಅನುಕೂಲ ಎಂದು ಹೇಳಿ, ಸಾಲಿನಲ್ಲಿ ಹನ್ನೆರಡನೆಯವರಾಗಿ ಹೋಗಿ ನಿಂತರು.